ಸೋಪು ಹಾಕಿದ ಮೇಲೆ ಕೆಂಪಾದ ಸಾಂಬಾರ್ ಕಲೆ

ಮದುವೆ ಊಟದಲ್ಲಿ ಬಿಳಿ ಹತ್ತಿ ಪಂಚೆ ಮೇಲೆ ಸಾಂಬಾರ್ ಚೆಲ್ಲಿತು, ಬಟ್ಟೆ ಸೋಪು ಉಜ್ಜಿದರೆ ಹಳದಿ ಕಲೆ ಕೆಂಪಾಯಿತು, ಪಂಚೆ ಹಾಳಾಯಿತಾ ಅಂತ ಕೇಳಿದ್ದೀರಿ. ಇಲ್ಲ, ಗಾಬರಿ ಬೇಡ. ಆರತಿ ತಟ್ಟೆಯ ಅರಿಶಿನ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ವಾ, ಇದೂ ಅದೇ. ಸೋಪಿನಲ್ಲೂ ಕ್ಷಾರ ಇರುತ್ತದೆ. ನಾಲ್ಕೈದು ಸಲ ತಣ್ಣೀರಲ್ಲಿ ಚೆನ್ನಾಗಿ ಜಾಲಿಸಿ. ಸೋಪು ಪೂರ್ತಿ ಹೋದ ಹಾಗೆ ಮತ್ತೆ ಹಳದಿಗೆ ತಿರುಗುತ್ತದೆ.

ಈಗ ಒಗ್ಗರಣೆ ಎಣ್ಣೆ ತೆಗೆಯಬೇಕು. ಕಲೆ ಮೇಲೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬಿಟ್ಟು, ಬೆರಳಲ್ಲೇ ಮೆಲ್ಲಗೆ ತಿಕ್ಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಬ್ರಷ್ ಬೇಡ, ಸುಮ್ನೆ ನೂಲು ಎದ್ದು ಬರುತ್ತದೆ.

ಉಳಿದ ಹಳದಿಗೆ ಬಿಸಿಲೇ ಮದ್ದು. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಬೆಳಕಿಗೆ ತಡೆಯುವುದಿಲ್ಲ. ಒದ್ದೆ ಪಂಚೆಯನ್ನು ಕಲೆ ಮೇಲೆ ಬರುವ ಹಾಗೆ ಟೆರೇಸಿನಲ್ಲಿ ಹರವಿ. ನನ್ನ ಶರ್ಟಿನ ಜೇಬಿನ ಹತ್ತಿರ ರೂಪಾಯಿ ಅಗಲದ ಕಲೆ ಇತ್ತು. ಮೊದಲ ಸಂಜೆಗೇ ಅರ್ಧ ಮಾಸಿತು, ಮೂರನೇ ದಿನ ಹುಡುಕಿದರೂ ಸಿಗಲಿಲ್ಲ. ಮೋಡ ಇದ್ದರೆ ಇನ್ನೆರಡು ದಿನ ಜಾಸ್ತಿ ಆಗಬಹುದು.

ಕಲೆ ಹೋಗುವವರೆಗೆ ಇಸ್ತ್ರಿ ಮಾಡಬೇಡಿ. ಜರಿ ಅಂಚಿದ್ದರೆ ಬ್ಲೀಚ್ ಹತ್ತಿರವೂ ತರಬೇಡಿ. ಅಂಚನ್ನು ಮಡಚಿ, ಮೇಲೊಂದು ಟವೆಲ್ ಮುಚ್ಚಿ ಬಿಸಿಲಿಗೆ ಹಾಕಿ. ರೇಷ್ಮೆ ಪಂಚೆಯಾಗಿದ್ದರೆ ಇದ್ಯಾವುದೂ ಬೇಡ, ಡ್ರೈ ಕ್ಲೀನಿಂಗ್‌ಗೆ ಕೊಡಿ.