ಮಗು ಹಸಿರಾಗಿ ವಾಂತಿ ಮಾಡಿದೆ, ಸೋಮವಾರದವರೆಗೆ ಕಾಯಬಹುದಾ?

3 ದಿನದ ಮಗು ಎರಡು ಸಲ ಹಸಿರಾಗಿ ವಾಂತಿ ಮಾಡಿದೆ, ಆದರೆ ಕಪ್ಪು ಮಲ ಹೋಗಿದೆ, ಹಾಗಾದರೆ ಕರುಳು ಕಟ್ಟಿಲ್ಲ ಅಲ್ವಾ ಅಂತ ಕೇಳಿದ್ದೀರಿ. ಆ ಲೆಕ್ಕವೇ ತಪ್ಪು. ಕಾಯಬೇಡಿ, ಈಗಲೇ ಹೊರಡಿ.

ನನ್ನ ಮಗಳಿಗೂ ಮೊದಲ ದಿನವೇ ಕಪ್ಪು ಮಲ ಹೋಗಿತ್ತು. ತವರಿಗೆ ಬಂದ ರಾತ್ರಿ, ಎರಡು ಗಂಟೆ ಹೊತ್ತಿಗೆ ಕಕ್ಕಿದಳು. ಹಳೇ ಬಿಳಿ ಪಂಚೆಯ ತುಂಡಿನ ಮೇಲೆ ನುಗ್ಗೆಸೊಪ್ಪು ಅರೆದು ಹಿಂಡಿದ ಹಾಗೆ ಹಸಿರು. ಅಮ್ಮ "ಪಿತ್ತ ಹೊರಗೆ ಬಂತು ಬಿಡು" ಅಂದು ಬಜೆ ತೇಯ್ದು ನೆಕ್ಕಿಸಿದಳು. ಬಟ್ಟೆಯನ್ನು ನಾನೇ ಬಕೆಟ್‌ನಲ್ಲಿ ನೆನೆಹಾಕಿದೆ.

ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ "ರಾತ್ರಿ ಹಾಲು ಕಕ್ಕಿದಳು" ಅಂದೆ. ಹಸಿರು ಅನ್ನಲಿಲ್ಲ. ಬಣ್ಣ ಮುಖ್ಯ ಅಂತ ನನಗೆ ಹೊಳೆಯಲೇ ಇಲ್ಲ. ಹಾಲು ಕುಡಿದ ಮೇಲೆ ತೇಗಿಸಿ ಅಂದರು, ಇಡೀ ದಿನ ತೇಗಿಸುತ್ತಾ ಕೂತೆ. ಕಕ್ಕಿದ ಹಾಲು ಜಠರದಿಂದ ಬರುತ್ತದೆ. ಹಸಿರು ಅಂದರೆ ಪಿತ್ತರಸ, ಅದು ಕರುಳಿಗೆ ಇಳಿದ ಮೇಲೆ ಮುಂದೆ ದಾರಿ ಸಿಗದೆ ವಾಪಸ್ ಬಂದಿರಬಹುದು. ಆ ಒಂದು ಪದ ಹೇಳಿದ್ದರೆ ಅವರು ಆಗಲೇ ಕರೆಸಿಕೊಳ್ಳುತ್ತಿದ್ದರು. ಹೊಟ್ಟೆ ಮೆತ್ತಗೇ ಇತ್ತು, ಅದೂ ನನ್ನನ್ನು ಸುಮ್ನೆ ಕೂರಿಸಿತು. ಸಂಜೆ ಡೈಪರ್‌ನಲ್ಲಿ ರಕ್ತ ಕಂಡ ಮೇಲೆ ಓಡಿದ್ದು.

ಕರುಳು ಹುಟ್ಟಿನಿಂದಲೇ ಮುಚ್ಚಿಕೊಂಡಿದ್ದರೆ ಕೆಲವು ಮಕ್ಕಳಲ್ಲಿ ಎಕ್ಸ್‌ರೇಯಲ್ಲಿ ಎರಡು ಗಾಳಿಗುಳ್ಳೆ ಕಾಣುತ್ತವೆ. ಇವಳ ಎಕ್ಸ್‌ರೇಯಲ್ಲಿ ಅಂಥದ್ದೇನೂ ಇರಲಿಲ್ಲ. ಮೂಗಿನ ನಳಿಕೆಯಲ್ಲಿ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಬಿಟ್ಟು ಫಿಲ್ಮ್ ತೆಗೆದಾಗ ಕರುಳು ಸ್ಕ್ರೂ ಥರ ಸುತ್ತಿಕೊಂಡಿದ್ದು ಗೊತ್ತಾಯಿತು. ಗರ್ಭದಲ್ಲೇ ಕರುಳು ಸರಿಯಾಗಿ ತಿರುಗಿ ಕೂತಿರಲಿಲ್ಲ, ಹುಟ್ಟಿದ ಮೇಲೆ ತಿರುಚಿಕೊಂಡು ರಕ್ತ ನಿಂತಿತ್ತು. ಅದಕ್ಕೇ ಮೊದಲ ದಿನ ಮಲ ಹೋಗಿದ್ದು. ಮಲ ಗರ್ಭದಲ್ಲೇ ಸೇರಿಕೊಂಡಿರುತ್ತದೆ, ಅಡ್ಡಿಯ ಕೆಳಗಿದ್ದದ್ದು ಹೇಗಿದ್ದರೂ ಹೊರಗೆ ಬರಬಹುದು. ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಇತ್ತು ಅಂತಲೂ ಬರೆದಿದ್ದೀರಿ, ನಮ್ಮದೂ ಇತ್ತು. ಅದನ್ನು ನಂಬಿ ಕೂರಬೇಡಿ.

ರಾತ್ರಿಯೇ ಲ್ಯಾಡ್ ಆಪರೇಷನ್ ಮಾಡಿದರು, ಅಂದರೆ ತಿರುಚಿಕೊಂಡ ಕರುಳನ್ನು ಬಿಡಿಸುವ ಆಪರೇಷನ್. ಕಪ್ಪಾಗಿದ್ದ ಒಂದಿಷ್ಟು ಕರುಳು ಕತ್ತರಿಸಬೇಕಾಯಿತು. ಈಗ ಅವಳಿಗೆ ಏಳು ವರ್ಷ, ಚೆನ್ನಾಗಿದ್ದಾಳೆ. ಆದರೂ ಆ ಬಕೆಟ್ ನನ್ನ ಕಣ್ಣಿಂದ ಹೋಗಿಲ್ಲ.

ಹತ್ತಿರದ ಕ್ಲಿನಿಕ್ಕಿಗಲ್ಲ, ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಹಾಲು ಕೊಡಬೇಕಾ ನಿಲ್ಲಿಸಬೇಕಾ ಅಂತ ಹೊರಡುವಾಗಲೇ ಅಲ್ಲಿಗೆ ಫೋನ್ ಮಾಡಿ ಕೇಳಿ, ಬಜೆ ಗಿಜೆ ಏನೂ ಬೇಡ. ಆ ಬಟ್ಟೆ ತೊಳೆಯಬೇಡಿ. ಹಾಗೇ ಕವರಿಗೆ ಹಾಕಿ ತಗೊಂಡು ಹೋಗಿ, ಬಾಗಿಲಲ್ಲೇ "ಹಸಿರು ವಾಂತಿ" ಅನ್ನಿ.