ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕೃಷಿ ಪ್ರದೇಶ ರಿವರೀನಾದಲ್ಲಿ 2015-16ಕ್ಕೆ ಫಾರ್ಮ್‌ಗಳ ಸಂಖ್ಯೆ ದಿಢೀರ್ ಇಳಿದದ್ದೇಕೆ? – ಪ್ರತಿಕ್ರಿಯೆ

ನಿಮಗೆ ಕಂಡ ಇಳಿಕೆಗೆ ಬಹುಮಟ್ಟಿಗೆ ಕಾರಣ ಎಣಿಕೆಯ ಮಿತಿ, ಕೃಷಿ ಸೊರಗಿದ್ದಲ್ಲ. ಆಸ್ಟ್ರೇಲಿಯಾದ ಅಂಕಿಅಂಶ ಬ್ಯೂರೋ ಆ ವರ್ಷ ಫಾರ್ಮ್ ಎಂದು ಎಣಿಸಲು ಬೇಕಾದ ಕನಿಷ್ಠ ಕೃಷಿ ವಹಿವಾಟನ್ನು 5,000 ಡಾಲರ್‌ನಿಂದ 40,000ಕ್ಕೆ ಏರಿಸಿತು. ಸಣ್ಣ ಹಿಡುವಳಿಗಳು ಲೆಕ್ಕದಿಂದಲೇ ಹೊರಬಿದ್ದವು.

ಮೊದಲು ಫಾರ್ಮ್‌ಗಳ ಸಂಖ್ಯೆ ಬಿಟ್ಟು ಒಟ್ಟು ಉತ್ಪನ್ನದ ಮೌಲ್ಯ ಹೋಲಿಸಿ. ಆಮೇಲೆ ಬ್ಯೂರೋ ಹಾಕಿದ ವಿಭಾಗಗಳ ಗಡಿ ನೋಡಿ. ಗ್ರಿಫಿತ್, ಲೀಟನ್ ಪಟ್ಟಣಗಳು ರಿವರೀನಾ ವಿಭಾಗದಲ್ಲಿವೆ; ಆದರೆ ಜನ ರಿವರೀನಾ ಎಂದೇ ಹೇಳುವ ಡೆನಿಲಿಕ್ವಿನ್ ಬ್ಯೂರೋ ಲೆಕ್ಕದಲ್ಲಿ ಮರ್ರೆ ವಿಭಾಗಕ್ಕೆ ಸೇರಿದೆ. ಎರಡೂ ವಿಭಾಗಗಳನ್ನು ಕೂಡಿಸಿಕೊಳ್ಳಿ, ಇಲ್ಲಿಯೇ ಹೆಚ್ಚಿನವರು ಎಡವುವುದು.

ಭತ್ತವನ್ನು ಮಾತ್ರ ಬೇರೆ ಸಾಲಿನಲ್ಲಿಡಿ. 2012-13ರಲ್ಲಿ 11 ಲಕ್ಷ ಟನ್ ದಾಟಿದ್ದ ಬೆಳೆ, ಕಾಲುವೆಗೆ ನೀರಿಲ್ಲದ 2019-20ರಲ್ಲಿ 50,000 ಟನ್ ಆಸುಪಾಸಿಗೆ ಕುಸಿದಿತ್ತು. ಅದನ್ನು ಸೇರಿಸಿ ಸರಾಸರಿ ತೆಗೆದರೆ ಗೋಧಿ, ದ್ರಾಕ್ಷಿ, ಕಿತ್ತಳೆಯ ನಿಜವಾದ ಬಲ ಕಾಣುವುದೇ ಇಲ್ಲ.