ವಚನವೋ ಕಣ್ಣೀರೋ ಅನ್ನೋ ಮೊದಲು ಮೈಕಿನ ಎಕೋ ಇಳಿಸಿ

ನೀವು ಕೇಳಿರೋದು ಇದು: ಮಂಡ್ಯದ ಪಕ್ಕ 40 ಜನರ ಸಣ್ಣ ಕ್ರೈಸ್ತ ಸಭೆ, ಭಾನುವಾರ ಒಂದೂವರೆ ಗಂಟೆ ಆರಾಧನೆ. ಹಾಡುವಾಗ ಜನ ಕಣ್ಣೀರು ಹಾಕ್ತಾರೆ, ಕೆಲವರು ನಡುಗಿ ಬೀಳ್ತಾರೆ, ಬೈಬಲ್ ಓದುವಾಗ ಆಕಳಿಸ್ತಾರೆ. ಹಿರಿಯರು ಹಾಡು ಕಡಿಮೆ ಮಾಡಿ ಅಂತಾರೆ, ಹುಡುಗರು ಓದು ಕಡಿಮೆ ಮಾಡಿ ಅಂತಾರೆ. ಆರಾಧನೆ ನಡೆಸೋ ನೀವು ಯಾರ ಮಾತು ಕೇಳಬೇಕು?

ಸದ್ಯಕ್ಕೆ ಇಬ್ಬರದ್ದೂ ಬೇಡ. ಓದೋ ರೀತಿ ಸರಿಮಾಡಿ. ಓದಿದ್ದು ಕಿವಿಗೇ ಬೀಳದಿದ್ದರೆ ಮನಸ್ಸಿಗೆ ಹಿಡಿಯೋಕೆ ಏನೂ ಸಿಗಲ್ಲ, ಆಗ ಭಾವ ಹುಟ್ಟಿಸೋ ಕೆಲಸವೆಲ್ಲ ಕೀಬೋರ್ಡಿನ ತಲೆಗೆ ಬರುತ್ತೆ. ಅಳು ಬರುತ್ತೆ, ಯಾಕೆ ಅತ್ತೆ ಅಂತ ಮಧ್ಯಾಹ್ನಕ್ಕೆ ನೆನಪಿರಲ್ಲ.

ಬೈಬಲಿನಲ್ಲಿ ನೆಹೆಮೀಯನ ಪುಸ್ತಕದ 8ನೇ ಅಧ್ಯಾಯ ತೆಗೆದು ನೋಡಿ. ಯಾಜಕ ಎಜ್ರ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದುತ್ತಾನೆ, ದೇವಾಲಯದ ಸೇವಕರಾದ ಲೇವಿಯರು ಅರ್ಥ ಬಿಡಿಸಿ ಹೇಳುತ್ತಾರೆ, ಕೇಳಿ ಜನ ಅಳುತ್ತಾರೆ. ಅಳಬೇಡಿ, ಹೋಗಿ ಊಟ ಮಾಡಿ, ಇಲ್ಲದವರಿಗೂ ಕಳಿಸಿ ಅಂತ ಅವರನ್ನು ಸಮಾಧಾನ ಮಾಡಬೇಕಾಗುತ್ತೆ. ಕೊನೆಗೆ ಸಂತೋಷಪಡುತ್ತಾರೆ. ಕಾರಣವನ್ನೂ 12ನೇ ವಚನ ಹೇಳಿಬಿಡುತ್ತೆ: ಹೇಳಿದ ಮಾತು ಅವರಿಗೆ ಅರ್ಥವಾಗಿತ್ತು. ಅಳು, ನಗು ಎರಡೂ ಓದಿನ ಹಿಂದೆಯೇ ಬಂದಿವೆ.

ಈಗ ಓದು ಎಲ್ಲಿ ಕೆಡುತ್ತೆ ನೋಡೋಣ. ಕನ್ನಡದಲ್ಲಿ ಕ್ರಿಯಾಪದ ಬರೋದು ವಾಕ್ಯದ ಕೊನೆಗೆ, 'ಇಲ್ಲ' ಬರೋದೂ ಅಲ್ಲೇ. ಓದುವವರ ಉಸಿರು ಮುಗಿಯೋದೂ ಅಲ್ಲೇ. ದನಿ ಇಳಿದರೆ ಅರ್ಥವೇ ತಲೆಕೆಳಗು. ಎಲ್ಲರ ಬಾಯಲ್ಲಿರೋ, ಬೈಬಲಿನ 23ನೇ ಕೀರ್ತನೆಯ ಮೊದಲ ಸಾಲನ್ನೇ ತಗೊಳ್ಳಿ: 'ಯೆಹೋವನು ನನಗೆ ಕುರುಬನು, ಕೊರತೆಪಡೆನು.' ಪಡೆನು ಅಂದರೆ ಪಡುವುದಿಲ್ಲ. ಮಾಡೆನು, ಅಂಜೆನು ಇದ್ದ ಹಾಗೆ ಹಳೆಯ ನಿಷೇಧರೂಪ. ಈಗಿನ ಹುಡುಗರಿಗೆ ಈ ರೂಪ ಪರಿಚಯವಿಲ್ಲ. ಓದುವವರು ಅವಸರದಲ್ಲಿ ನುಂಗಿದರೆ 'ಪಡುವೆನು' ಅಂತಲೇ ಕೇಳಿಸುತ್ತೆ. ದೇವರು ನನ್ನ ಕುರುಬ, ನನಗೆ ಕೊರತೆ ತಪ್ಪಿದ್ದಲ್ಲ ಅಂದಂತಾಯ್ತು! 'ಪಡೆನು' ಮೇಲೆ ದನಿ ಇಳಿಸದೆ ನಿಲ್ಲಿ, ಒಂದು ಉಸಿರು ಬಿಟ್ಟು ಮುಂದಕ್ಕೆ ಹೋಗಿ. ಅರ್ಥ ಗೊತ್ತಾದ ಮೇಲೆ ಈ ಒಂದು ಪದಕ್ಕೇ ಗಂಟಲು ಕಟ್ಟುವವರು ನಿಮ್ಮ ಸಭೆಯಲ್ಲೂ ಇರ್ತಾರೆ.

ಓದುವವರಿಗೆ ಭಾಗವನ್ನು ಬುಧವಾರವೇ ಕೊಡಿ. ಆರಾಧನೆಗೆ ಐದು ನಿಮಿಷ ಇರುವಾಗ 'ಅಕ್ಕ, ಇವತ್ತು ನೀವು ಓದಿ' ಅನ್ನೋದೇ ಅರ್ಧ ರೋಗ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಲಿ: ಒಮ್ಮೆ ಅರ್ಥಕ್ಕೆ, ಒಮ್ಮೆ ಪೆನ್ಸಿಲ್ಲಿನಲ್ಲಿ ಉಸಿರಿನ ಗೆರೆ ಹಾಕೋಕೆ, ಒಮ್ಮೆ ನಿಂತುಕೊಂಡು. ನೆಬೂಕದ್ನೆಚ್ಚರನಂಥ ಹೆಸರಿದ್ದರೆ ಮೊದಲೇ ಬಿಡಿಸಿ ಬರೆದುಕೊಳ್ಳಲಿ. 15 ವಚನಕ್ಕೆ ಎರಡೂವರೆಯಿಂದ ಮೂರು ನಿಮಿಷ ಹಿಡಿಯಬೇಕು. ಒಂದೂವರೆ ನಿಮಿಷಕ್ಕೆ ಮುಗಿದರೆ ಓಡಿದ್ದಾರೆ ಅಂತ ಲೆಕ್ಕ. ಮೈಕು ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಹಾಡಿಗೆ ಹಾಕಿದ ಎಕೋವನ್ನು ಓದಿಗೆ ಮೊದಲು ಪೂರ್ತಿ ಇಳಿಸಿ. ತಗಡಿನ ಶೀಟಿನ ಹಾಲ್ ಆದರೆ ಮೊದಲೇ ಗುಂಯ್ ಅಂತಿರುತ್ತೆ, ಅದರ ಮೇಲೆ ಎಕೋ ಸೇರಿದರೆ ಒಂದು ಪದದ ಬಾಲ ಇನ್ನೊಂದರ ತಲೆಗೆ ಸುತ್ತಿಕೊಳ್ಳುತ್ತೆ. ಆಕಳಿಕೆಗೆ ಎಕೋದ ಈ ತಿರುಪೂ ಒಂದು ಕಾರಣ ಆಗಬಹುದು. ಓದುವಾಗ ಕೀಬೋರ್ಡಿನಿಂದ ಕೈ ತೆಗೆದಿರಲಿ.

ಹಾಡಿನ ವಿಷಯದಲ್ಲಿ ನಾನು ಹಿರಿಯರ ಕಡೆಗಿಲ್ಲ. ಮೈಸೂರು ಸೀಮೆಯಲ್ಲಿ ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯ ಹೆಸರು ಹೇಳಿಕೊಂಡು ಬಂದ ಸಭೆಗಳು ಎಷ್ಟೋ ಇವೆ, ಅವನ ದಿನಚರಿಯನ್ನೇ ನೋಡಿ. 1738ರ ಮೇ 24ರ ಮಧ್ಯಾಹ್ನ ಲಂಡನ್ನಿನ ಸಂತ ಪೌಲರ ದೇವಾಲಯದಲ್ಲಿ ಅವನು ಕೇಳಿದ್ದು 130ನೇ ಕೀರ್ತನೆಯ ಹಾಡು. ರಾತ್ರಿ ಒಂಬತ್ತಕ್ಕೆ ಹದಿನೈದು ನಿಮಿಷ ಇರುವಾಗ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಸುಧಾರಕ ಲೂಥರ್ ಬರೆದ ಪೀಠಿಕೆಯನ್ನು ಯಾರೋ ಓದುತ್ತಿದ್ದಾಗ, ಎದೆ ಬೆಚ್ಚಗಾಯಿತು ಅಂತ ಬರೆದಿದ್ದಾನೆ. ಹಾಡೂ ಇತ್ತು, ಓದೂ ಇತ್ತು, ಎರಡರ ಒಳಗೂ ವಚನ ಇತ್ತು. ಅವನೇ 1761ರಲ್ಲಿ ಹಾಡುವವರಿಗೆ ಕೊಟ್ಟ ಏಳು ಸೂಚನೆಗಳಲ್ಲಿ ಕೊನೆಯದು: ಹಾಡಿನ ಅರ್ಥದ ಮೇಲೆ ಗಮನವಿರಲಿ, ನಾದ ಮನಸ್ಸನ್ನು ಎಳೆದುಕೊಂಡು ಹೋಗದಿರಲಿ.

ಹಾಡು ಆರಿಸುವಾಗ ಸಾಹಿತ್ಯವನ್ನು ಕಾಗದದ ಮೇಲೆ ಬರೆದು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. 'ನಾನು ಹಾಡುವೆ, ನಾನು ಕುಣಿವೆ, ನಾನು ಬರುವೆ' ಅಂತ ಎಲ್ಲವೂ ನಾನೇ ಮಾಡೋದಾಗಿದ್ದರೆ, ದೇವರು ಏನು ಮಾಡಿದ ಅನ್ನೋದು ಅಲ್ಲಿಲ್ಲ. ಅಂಥ ಹಾಡು ತಪ್ಪಲ್ಲ, ಓದಿನ ನಂತರಕ್ಕೆ ಇಡಿ. ಆಗ 'ನಾನು' ಯಾರಿಗೆ ಉತ್ತರ ಕೊಡ್ತಿದ್ದೇನೆ ಅನ್ನೋದು ಗೊತ್ತಿರುತ್ತೆ. ಪಲ್ಲವಿ ನಾಲ್ಕು ಸಲಕ್ಕೆ ಸಾಕು. ಶ್ರುತಿ ಸಭೆಗೆ ತಕ್ಕಂತೆ ಇರಲಿ; ಕೀಬೋರ್ಡಿನ ಮೇಲಿನ ಡಿ ಸ್ವರ ದಾಟಿದರೆ ಮುಂದಿನ ಸಾಲಿನ ಅಜ್ಜಿ, ಹಿಂದಿನ ಸಾಲಿನ ಅಣ್ಣ ಇಬ್ಬರೂ ಸುಮ್ಮನಾಗ್ತಾರೆ, ಮೈಕು ಹಿಡಿದವರು ಮಾತ್ರ ಉಳೀತಾರೆ. ಓದು ಬರದವರಿದ್ದರೆ ಕೀರ್ತನೆಯ ಒಂದು ಸಾಲನ್ನು ಸೊಲ್ಲು ಮಾಡಿ, ಸೋಬಾನೆ ಪದದ ಹಾಗೆ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳಲಿ.

ನಡುಗೋದು, ಬೀಳೋದರ ಬಗ್ಗೆಯೂ ಕೇಳಿದ್ದೀರಿ. ನಮ್ಮ ಕಡೆ ಹಬ್ಬದಲ್ಲಿ ಮೈಮೇಲೆ ದೇವರು ಬರೋದನ್ನು ಎಲ್ಲರೂ ನೋಡಿರ್ತಾರೆ, ಹೊಸದಾಗಿ ಬಂದವರು ಇದನ್ನೂ ಅದೇ ಅಂತ ತಿಳೀತಾರೆ. ಪೌಲ ಹೇಳೋದು ಬೇರೆ. ಕೊರಿಂಥದವರಿಗೆ ಅವನು ಬರೆದ ಮೊದಲ ಪತ್ರದ 14ನೇ ಅಧ್ಯಾಯದ ಪ್ರಕಾರ ಪ್ರವಾದಿಯ ಆತ್ಮ ಅವನ ಸ್ವಾಧೀನದಲ್ಲೇ ಇರುತ್ತೆ. ಅನ್ಯಭಾಷೆಯಲ್ಲಿ, ಅಂದರೆ ಆತ್ಮದ ಪ್ರೇರಣೆಯಿಂದ ಬರೋ ತಿಳಿಯದ ಭಾಷೆಯಲ್ಲಿ, ಮಾತಾಡೋರು ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವರಿಲ್ಲದಿದ್ದರೆ ಮೌನ. ಹೊರಗಿನವರು ಬಂದು ಹುಚ್ಚು ಅಂದುಕೊಂಡಾರು ಅನ್ನೋ ಚಿಂತೆಯೂ ಅದೇ ಅಧ್ಯಾಯದಲ್ಲಿದೆ. ಅಳುವವರ ಬಾಯಿಗೆ ಮೈಕು ಹಿಡೀಬೇಡಿ. ಹೆಂಗಸರಾದರೆ ಒಬ್ಬ ಅಕ್ಕ ಪಕ್ಕಕ್ಕೆ ಕೂತರೆ ಸಾಕು. ಬಿದ್ದವರಿದ್ದರೆ ಫಿಟ್ಸೋ, ಸಕ್ಕರೆ ಇಳಿದಿದೆಯೋ ಮೊದಲು ನೋಡಿ. ಕೈ ಎತ್ತದವರನ್ನು ವೇದಿಕೆಯಿಂದ ಚುಚ್ಚಲೇಬೇಡಿ.

ಭಾವವನ್ನು ವಚನವೇ ಹೇಗೆ ನಡೆಸುತ್ತೆ ಅಂತ ನೋಡಬೇಕಾದರೆ ಶುಭಶುಕ್ರವಾರ ಮೈಸೂರಿನ ಸಂತ ಫಿಲೋಮಿನಾದಲ್ಲೋ ಹತ್ತಿರದ ಯಾವ ಕಥೋಲಿಕ ದೇವಾಲಯದಲ್ಲೋ ಹಿಂದೆ ನಿಂತು ನೋಡಿ. ಅಲ್ಲಿ ಓದೋದು ಯೋಹಾನನ ಸುವಾರ್ತೆಯ 18, 19ನೇ ಅಧ್ಯಾಯಗಳು, 82 ವಚನ. ಎಷ್ಟೋ ಕಡೆ ಮೂವರು ಪಾತ್ರ ಹಂಚಿಕೊಂಡು ಓದ್ತಾರೆ. ಯೇಸು ಪ್ರಾಣ ಬಿಟ್ಟ ಅನ್ನೋ ಕಡೆ ಓದು ನಿಲ್ಲುತ್ತೆ, ಎಲ್ಲರೂ ಮೊಣಕಾಲೂರುತ್ತಾರೆ, ಸ್ವಲ್ಪ ಹೊತ್ತು ಸದ್ದಿಲ್ಲ. ಅಳಿ ಅಂತ ಯಾರೂ ಹೇಳಲ್ಲ.

ಈ ಭಾನುವಾರಕ್ಕೆ 13ನೇ ಕೀರ್ತನೆ ಇಟ್ಟುಕೊಳ್ಳಿ. ಆರೇ ವಚನ. 'ಇನ್ನೆಷ್ಟು ಕಾಲ' ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತೆ, ನಡುವೆ ಬೇಡಿಕೆ, ಕೊನೆಗೆ ಹಾಡು. ಸಾಲ, ಕಾಯಿಲೆ, ಬತ್ತಿದ ಬೋರ್‌ವೆಲ್ ಹೊತ್ತು ಬಂದವರಿಗೆ ಆ ನಾಲ್ಕು ಪ್ರಶ್ನೆ ಸಾಕು. ಓದಿದ ಮೇಲೆ 'ಅರ್ಧ ನಿಮಿಷ ಮೌನವಾಗಿರೋಣ' ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನೀವು ಮರೆತಿರಿ ಅಂದುಕೊಂಡು ಕೀಬೋರ್ಡಿನವನು ಶುರು ಮಾಡಿಬಿಡ್ತಾನೆ. ಆಮೇಲೆ ನಿಧಾನದ ಒಂದು ಹಾಡು. ಚಪ್ಪಾಳೆಯದು ಅದರ ನಂತರ.